ಬೇವಿನ ಮರಕ್ಕೂ ಬೆಂಬಲ ಬೆಲೆ

ಅಮೆರಿಕದ ಸುಂಕದಿಂದ ಪೆಟ್ಟು ತಿಂದ ಮರದ ಉದ್ಯಮಕ್ಕೆ ಸರ್ಕಾರದ ಬೆಂಬಲ ಸಿಗುತ್ತದೆ ಅಂತ ನಮ್ಮ ಕೈಗಾರಿಕಾ ಇಲಾಖೆಯ ಪರವಾಗಿ ಹೊನ್ನಾಳಿಯ ಸಾಮಿಲ್ ಒಂದರಲ್ಲಿ ವಿವರಿಸಿ ಬಂದಿದ್ದೆ. ಅದೇ ವಾರ ಒಬ್ಬ ಯಜಮಾನರು ಟ್ರ್ಯಾಕ್ಟರ್ ತುಂಬ ಬೇವಿನ ದಿಮ್ಮಿ ಹೇರಿಕೊಂಡು ನಮ್ಮ ಕಚೇರಿ ಮುಂದೆ ನಿಂತಿದ್ದರು.

"ಖರೀದಿ ಕೇಂದ್ರ ಎಲ್ಲೈತ್ರಿ ಸಾರ್?"

"ಯಾವ ಖರೀದಿ?"

"ಮೆಕ್ಕೆಜೋಳಕ್ಕೆ ಕೊಟ್ಟಂಗೆ ಮರಕ್ಕೂ ಬೆಂಬಲ ಬೆಲೆ ಅಂತ ಸಾಮಿಲ್‌ನಾಗೆ ನೀವೇ ಹೇಳಿದ್ರಲ್ರೀ? ಹಿತ್ತಲ ಬೇವು ಕಡಿಸಿಬಿಟ್ಟೆ."

ಬೆಂಬಲ ಬೇರೆ, ಬೆಂಬಲ ಬೆಲೆ ಬೇರೆ, ಇದು ಹೊರದೇಶಕ್ಕೆ ಮಾಲು ಕಳಿಸುವವರಿಗೆ ಮಾತ್ರ ಎಂದೆ.

"ಹಂಗಾದ್ರೆ ಅಮೆರಿಕಕ್ಕೇ ಕಳಿಸ್ರಿ. ನಾನೇನು ಬ್ಯಾಡ ಅಂದ್ನಾ?"

ಸಾಹೇಬರನ್ನು ಕೇಳಲು ಒಳಗೆ ಹೋದೆ. ಅವರು ರಜೆ. ಹೊರಬರುವಷ್ಟರಲ್ಲಿ ದಿಮ್ಮಿ ಹೇರಿದ ಇನ್ನೆರಡು ಟ್ರ್ಯಾಕ್ಟರ್ ಹಿಂದೆ ಸಾಲು ಹಿಡಿದಿದ್ದವು. ಆ ಸಾಲು ನೋಡಿ, ಖರೀದಿ ನಿಜವಾಗಲೂ ಇದೆಯೇನೋ, ನನಗೊಬ್ಬನಿಗೇ ಯಾರೂ ಹೇಳಿಲ್ಲವೇನೋ ಅನ್ನಿಸಿತು.