ಉಬ್ಬಿದ ಮುಖಕ್ಕೊಂದು ಕಾನೂನು

ಬ್ಯಾಡಗಿಯ ನಮ್ಮ ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರುಮನೆಯವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮುಗಿಸಿ ನೇರ ರೇಷನ್ ಅಂಗಡಿಗೆ ಬಂದಿದ್ದರು. ಘಾಟಿಗೆ ಕಣ್ಣು, ಮುಖ ಉಬ್ಬಿ ಕೆಂಪಾಗಿದ್ದವು. ಮುಖ ನೋಡಿ ಅಕ್ಕಿ ಮಂಜೂರು ಮಾಡುವ ಯಂತ್ರ, ಕಾರ್ಡಿನಲ್ಲಿರುವವರು ಇವರಲ್ಲ ಎಂದಿತು.

"ನನಗ ನೀವು ಗೊತ್ರಿ ಖಾಲಾ, ಆದರ ಇದು ಒಪ್ಪವಲ್ದು," ಎಂದ ಅಂಗಡಿಯವನು.

"ನಿನ್ನ ಮದುವಿ ಬಿರಿಯಾನಿಗೆ ಖಾರ ಕುಟ್ಟಿದಾಕಿ ನಾನು. ಅದನ್ನೂ ಆ ಡಬ್ಬೀನ ಕೇಳ್ತೀಯೇನೋ?"

ಸಾಲಿನಲ್ಲಿ ನನ್ನ ಹಿಂದೆ ಮುಂದೆ ಇದ್ದವರು ನಕ್ಕರು. ಅಕ್ಕಿ ಮಾತ್ರ ಸಿಗಲಿಲ್ಲ. ಮುಖ ಇಳಿದ ಮೇಲೆ ಬರಬೇಕಂತೆ. ಸುಗ್ಗಿಯ ಕೂಲಿ ಬಿಟ್ಟು ಯಂತ್ರಕ್ಕಾಗಿ ಮುಖ ಸಿದ್ಧ ಮಾಡಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಖಾಲಾರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಅಧಿಕಾರಿ ಅವರನ್ನೂ ಕಾರ್ಡನ್ನೂ ನೋಡಿ ಅಕ್ಕಿ ಕೊಡಿಸಿದರು. "ಈ ಸಲ ಆತ್ರಿ. ಪ್ರತಿ ಸಲ ಹಿಂಗ ಮಾಡಾಕ ಕಾನೂನಿಲ್ಲ," ಎಂದರು.

ಹಾಗಾದರೆ ಕಾನೂನೇ ಬೇಕು. ನಮ್ಮ ಶಾಸಕರು ಅಂದು ಹಾವೇರಿಯಲ್ಲಿದ್ದರು. ಇಬ್ಬರೂ ಬಸ್ಸು ಹತ್ತಿ ಹೋಗಿ ಅವರನ್ನು ಕಂಡೆವು. ಯಂತ್ರ ಅಲ್ಲವೆಂದರೂ ಎದುರಿಗಿರುವ ಮನುಷ್ಯನಿಗೆ ಹೌದೆನ್ನುವ ಅಧಿಕಾರ ಇರಬೇಕು, ಅಲ್ಲವೆಂದದ್ದಕ್ಕೆ ಕಾರಣ ಬರೆದುಕೊಡಬೇಕು, ಅದನ್ನು ವಿಧಾನಸಭೆಯಲ್ಲಿ ಕಾನೂನು ಮಾಡಿಸಿ ಎಂದೆ. ನೋಡೋಣ ಎಂದರು ಶಾಸಕರು.

"ಅಧಿವೇಶನಕ್ಕ ಮೊದಲ ಮತ್ತ ಬರ್ತೇವ್ರಿ," ಎಂದೆ.

ಹೊರಗೆ ಬಂದ ಮೇಲೆ ಖಾಲಾ ನನ್ನನ್ನು ತಡೆದರು. "ಮುಂದಿನ ಸಲ ತೊಟ್ಟು ಬಿಡಿಸೋ ಕೆಲಸ ಮುಗಿಸಿ ನೇರ ಬರೋಣ್ರಿ. ಉಬ್ಬಿದ ಮುಖ ಅವರೂ ಒಮ್ಮೆ ನೋಡ್ಲಿ."