ಗಿಡ್ಡ ಕುದುರೆಗೆ ಎರಡು ತಟ್ಟು

ನನ್ನ ದನಿ ದೊಡ್ಡದು. ಇಚಲಕರಂಜಿಗೆ ಹತ್ತಿದ ಕಬನೂರಿನಲ್ಲಿ, ಪವರ್‌ಲೂಮ್ ಶೆಡ್ಡಿನ ಗೋಡೆಗೆ ಗೋಡೆ ಕೂಡಿಸಿದ ಮನೆಯಲ್ಲಿ ಹುಟ್ಟಿದವರದೆಲ್ಲ ಹೀಗೇ. ದಿನವಿಡೀ ಮಗ್ಗ ಖಟಕ್ ಖಟಕ್ ಎನ್ನುವಾಗ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಬೇಕು? ನಾವು "ಊಟ ಆತೇನ್ರಿ" ಎಂದು ಕೇಳಿದರೂ ಹೊರಗಿನವರು ಜಗಳ ಹತ್ತಿತೆಂದು ತಿರುಗಿ ನೋಡುತ್ತಾರೆ. ಶೆಡ್ಡಿನ ಒಳಗಂತೂ ಕೂಗಿದರೂ ಉಪಯೋಗವಿಲ್ಲ. ಅಲ್ಲಿ ಅವ್ವ ಕೈಯಿಂದಲೇ ಮಾತಾಡುತ್ತಿದ್ದಳು. ಹೆಗಲ ಮೇಲೆ ಎರಡು ಸಲ ತಟ್ಟಿದಳೆಂದರೆ ಪಕ್ಕಕ್ಕೆ ಸರಿಯಬೇಕು, ಅಂಗೈ ಒತ್ತಿ ಹಿಡಿದಳೆಂದರೆ ನಿಂತಲ್ಲೇ ನಿಲ್ಲಬೇಕು. ಅಷ್ಟರಲ್ಲೇ ನಮ್ಮ ಸಂಸಾರ ನಡೆಯಿತು.

ಈ ದನಿಯನ್ನು ಹೊತ್ತುಕೊಂಡೇ ನಾನು ಪೊಲೀಸ್ ನೌಕರಿಗೆ ಸೇರಿದೆ, ಅಲ್ಲಿಂದ ಕೊಲ್ಹಾಪುರದಲ್ಲಿ ಅಶ್ವದಳಕ್ಕೆ ಹೋದೆ. ನಮ್ಮ ಲಾಯದಲ್ಲಿ ಮರ್ಯಾದೆಯೆಲ್ಲ ರೇಸಿನಿಂದ ಬಂದ ಥರೋಬ್ರೆಡ್‌ಗಳಿಗೆ. ಉದ್ದ ಕಾಲು, ಮಿರಮಿರ ಮಿಂಚುವ ಮೈ. ಅವುಗಳ ನಂತರ ಮಾರವಾಡಿ ಕುದುರೆಗಳು, ಕಿವಿಯ ತುದಿಗಳು ಒಂದಕ್ಕೊಂದು ಮುಟ್ಟುವಂಥವು. ನನ್ನ ಪಾಲಿಗೆ ಬಂದದ್ದು ಒಂದು ಭೀಮಥಡಿ, ಭೀಮಾ ನದಿಯ ದಂಡೆಯ ನಮ್ಮದೇ ಸೀಮೆಯ ತಳಿ. ಕೆಂಚು ಬಣ್ಣದ ಹೆಣ್ಣುಗುದುರೆ. ಗಿಡ್ಡ, ಗೊರಸು ಮಾತ್ರ ಕಲ್ಲು. ಜಯಸಿಂಗಪುರದ ಕಡೆಯ ಸಹೋದ್ಯೋಗಿಯೊಬ್ಬ, ದಳದಲ್ಲೇ ಎತ್ತರದ ಕುದುರೆಯ ಮೇಲೆ ಕೂತವನು, "ಕತ್ತಿ ಮ್ಯಾಲ ಬಂದೋಬಸ್ತಿಗೆ ಹೊಂಟೀರೇನ್ರಿ ಅಕ್ಕಾರ?" ಎಂದು ನನ್ನ ಕುದುರೆಯನ್ನು ಕತ್ತೆ ಮಾಡಿ ಕೇಳಿದ. "ಹೌದ್ರಿ, ಕತ್ತಿ ಒದಿತೈತಿ, ದೂರ ನಿಂದರ್ರಿ" ಎಂದೆ.

ನಮಗೆ ಕಲಿಸುತ್ತಿದ್ದ ಉಸ್ತಾದರು ಗಡಹಿಂಗ್ಲಜದವರು. ಮರಾಠಿ, ಕನ್ನಡ ಎರಡೂ ಸಲೀಸು. ಸಿಟ್ಟು ಬಂದರೆ ಮರಾಠಿ, ಮನಸ್ಸು ತುಂಬಿದರೆ ಕನ್ನಡ. ನನಗೆ ಬಹಳ ಕಾಲ ಮರಾಠಿಯೇ ಸಿಕ್ಕಿತು. ಮೊದಲ ದಿನವೇ ನಾನು ಶೆಡ್ಡಿನ ದನಿಯಲ್ಲಿ "ಥಾಂಬ್" ಎಂದು ಒದರಿದೆ. ನಿಲ್ಲಬೇಕಾದ ಕುದುರೆ ಮೈದಾನದ ಆ ತುದಿಗೆ ಓಡಿತು. ಉಸ್ತಾದರು ಸೊಂಟಕ್ಕೆ ಕೈಯಿಟ್ಟು, "ಅಗ, ಘೋಡಿ ಬಹಿರಿ ನಾಹೀ" ಎಂದರು. ಕುದುರೆ ಕಿವುಡಿಯಲ್ಲವೆಂದು ನನಗೂ ಗೊತ್ತಿತ್ತು. ನಾನು ಒದರುವವಳೆಂಬುದೇ ಗೊತ್ತಿರಲಿಲ್ಲ.

ಪೊಲೀಸ್ ಕುದುರೆಯನ್ನು ಸದ್ದಿಗೆ ಪಳಗಿಸುವುದು ತಾಳ್ಮೆಯ ಕೆಲಸ. ಮೊದಲು ದೂರದಲ್ಲಿ ಖಾಲಿ ಡಬ್ಬಿ ಬಡಿಯುತ್ತಾರೆ, ಇಲ್ಲಿ ಬಾಯಿಗೆ ಕಡಲೆ ಹಿಡಿಯುತ್ತಾರೆ. ಆಮೇಲೆ ಡಬ್ಬಿ ಹತ್ತಿರ ಬರುತ್ತದೆ. ಮುಂದೆ ಪಟಪಟಿಸುವ ನಿಶಾನೆ, ಕಾಲ ಕೆಳಗೆ ಸರಸರ ಎನ್ನುವ ತಾಡಪತ್ರಿಯ ಹಾಳೆ, ಕಡೆಗೆ ಪಟಾಕಿ. ಪಕ್ಕದಲ್ಲಿ ಹಳೆಯ ಕುದುರೆಯೊಂದು ನಿದ್ದೆ ಬಂದಂತೆ ನಿಂತಿರುತ್ತದೆ, ಅದನ್ನು ನೋಡಿ ಹೊಸದಕ್ಕೆ ಧೈರ್ಯ. ನನ್ನ ಕುದುರೆ ಡಬ್ಬಿಗೆ ಹೆದರಲಿಲ್ಲ, ನಿಶಾನೆಗೂ ಹೆದರಲಿಲ್ಲ. ಪಟಾಕಿ ಹಾರಿದಾಗ ಅದರ ಬೆನ್ನ ಮೇಲಿಂದ ನಾನು ಒದರುತ್ತಿದ್ದೆನಲ್ಲ, ಅದಕ್ಕೆ ಹೆದರಿ ಓಡುತ್ತಿತ್ತು. ಕಡೆಗೆ ದಳದ ಸಾಹೇಬರು ಹೇಳಿಯೇ ಬಿಟ್ಟರು: ಫುಟ್‌ಬಾಲ್ ಫೈನಲ್ಲಿನ ಬಂದೋಬಸ್ತಿನಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಇದನ್ನು ದಳದಿಂದ ತೆಗೆಯುವುದು.

ಆ ಕುದುರೆಯ ಮೇಲೆ ನನಗೆ ಜೀವ. ರಜೆ ಹಾಕಿ ಊರಿಗೆ ಹೋಗಿ, ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಮೋರೆ ಊದಿಸಿಕೊಂಡು ನಿಂತೆ. ಅವ್ವ ನೂಲಿನ ಬುಟ್ಟಿ ಹಿಡಿದು ಬಂದಳು. ಮಗ್ಗಗಳ ಗದ್ದಲದಲ್ಲಿ ಏನೂ ಅನ್ನಲಿಲ್ಲ, ಎಂದಿನಂತೆ ಹೆಗಲಿಗೆ ಎರಡು ತಟ್ಟಿದಳು. ನಾನು ಸರಿದೆ. ಸರಿದ ಮೇಲೆ ತಲೆಗೆ ಹೊಳೆಯಿತು. ಎಂಥ ದಡ್ಡಿ ನಾನು, ಹುಟ್ಟಿದಾಗಿನಿಂದ ಬಲ್ಲ ಭಾಷೆಯನ್ನು ಬಿಟ್ಟು ಬಾಯಿ ಹರಿದುಕೊಳ್ಳುತ್ತಿದ್ದೆ.

ಮರಳಿ ಹೋಗಿ ಬಾಯಿ ಮುಚ್ಚಿಕೊಂಡೆ. ಕಾಲಿನಿಂದ ಪಕ್ಕೆಯನ್ನು ಒತ್ತುವಾಗಲೇ ಜೀನಿನ ಮುಂದೆ ಹೆಗಲಿಗೆ ಎರಡು ತಟ್ಟುವುದು, ಸರಿದರೆ ಕಡಲೆ. ಅಂಗೈ ಒತ್ತುವುದು, ನಿಂತರೆ ಬೆಲ್ಲ. ಫೈನಲ್ಲಿನ ಹೊತ್ತಿಗೆ ಕಡಲೆ ಬೆಲ್ಲ ಇಲ್ಲದೆಯೂ ಮಾತು ತಿಳಿಯುವಂತಾಗಿತ್ತು. ಉಸ್ತಾದರು ದೂರದಿಂದ ನೋಡುತ್ತಿದ್ದರು. ಮರಾಠಿಯೂ ಇಲ್ಲ, ಕನ್ನಡವೂ ಇಲ್ಲ.

ಕೊಲ್ಹಾಪುರದಲ್ಲಿ ಫುಟ್‌ಬಾಲ್ ಎಂದರೆ ಪೇಟೆಗೆ ಪೇಟೆಯ ಮಾನದ ಪ್ರಶ್ನೆ. ಆಟ ಮುಗಿದದ್ದೇ ಗೆದ್ದವರು ಒಂದು ಕಡೆಯಿಂದ, ಸೋತವರು ಇನ್ನೊಂದು ಕಡೆಯಿಂದ ರಸ್ತೆಗೆ ಬಿದ್ದರು. ಹಲಗಿಯ ಬಡಿತ, ಗುಲಾಲು, ಕೇಕೆ. ನಡುವೆ ನಮ್ಮ ಕುದುರೆಗಳ ಸಾಲು. ಯಾರೋ ಪಟಾಕಿ ಸರವನ್ನು ಕುದುರೆಗಳ ಕಾಲ ಬುಡಕ್ಕೇ ಎಸೆದರು. ನನ್ನ ಪಕ್ಕದಲ್ಲಿದ್ದ ಜಯಸಿಂಗಪುರದವನ ಎತ್ತರದ ಕುದುರೆ ಮುಂಗಾಲೆತ್ತಿ ಹಿಂದಕ್ಕೆ ತಿರುಗಿತು. ಸಾಲಿನಲ್ಲಿ ಕಿಂಡಿ ಬಿತ್ತು, ಎರಡೂ ಕಡೆಯವರು ಅದನ್ನು ಕಂಡು ನುಗ್ಗಿದರು.

ನನ್ನ ಗಂಟಲಿಗೆ ಕೂಗು ಬಂದಿತ್ತು. ನುಂಗಿದೆ. ಪಕ್ಕೆಗೆ ಕಾಲು ಒತ್ತಿ ಹೆಗಲಿಗೆ ಎರಡು ತಟ್ಟಿದೆ. ಪಟಾಕಿಯ ಹೊಗೆಯೊಳಗೇ ನನ್ನ ಗಿಡ್ಡಿ ಕಾಲಿಗೆ ಕಾಲು ದಾಟಿಸುತ್ತ ಅಡ್ಡಕ್ಕೆ ಸರಿದು ಆ ಕಿಂಡಿಯನ್ನು ಮುಚ್ಚಿತು. ಅಂಗೈ ಒತ್ತಿದೆ. ನಿಂತಿತು. ಸುತ್ತ ಲೋಕವೇ ಒಡೆಯುತ್ತಿತ್ತು, ಅದು ಮಾತ್ರ ಒಂದು ಕಿವಿಯನ್ನು ನನ್ನ ಕಡೆಗೆ ತಿರುಗಿಸಿ, ಮುಂದೇನು ಎಂದು ಕಾಯುತ್ತಿತ್ತು. ನುಗ್ಗಿದವರು ಅದರ ಅಗಲವಾದ ಎದೆಯ ಮುಂದೆ ತಡೆದು ನಿಂತರು, ಹಿಂದೆ ಸರಿದರು, ಆಮೇಲೆ ತಮ್ಮ ತಮ್ಮ ಗಲ್ಲಿ ಹಿಡಿದರು. ನನಗೆ ಆಗ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ರಸ್ತೆ ಖಾಲಿಯಾದ ಮೇಲೆ ಉಸ್ತಾದರು ನಡೆದು ಬಂದರು. ಕುದುರೆಯ ಹಣೆ ಸವರಿ, "ತಂಗೀ, ಇಕಿ ಇನ್ನ ಎಲ್ಲೂ ಹೋಗೂದಿಲ್ಲ. ಸಾಹೇಬ್ರಿಗೆ ನಾನ ಹೇಳ್ತೇನಿ. ಭಾಳ ಛಲೋ ಮಾಡಿದ್ರಿ ಇಬ್ಬರೂ" ಎಂದರು. ಕನ್ನಡ! ನಾನು ಕೂಡಿಟ್ಟಿದ್ದ ದನಿಯನ್ನೆಲ್ಲ ತೆಗೆದು ಒಂದು ಕೇಕೆ ಹಾಕಿದೆ. "ಅಗ, ಘೋಡಿ ಬಹಿರಿ ನಾಹೀ" ಎಂದರು ಉಸ್ತಾದರು. ಜಯಸಿಂಗಪುರದವನು ಕುದುರೆಯಿಂದ ಇಳಿದು ನನ್ನ ಗಿಡ್ಡಿಗೆ ಸಲಾಂ ಹೊಡೆದ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಅವನಿಗೆ ಕೇಳುವಂತೆಯೇ ಹೇಳಿದೆ.

ಮುಂದಿನ ವಾರ ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡು ಲಾಯಕ್ಕೆ ಬಂದಳು. ಕುದುರೆಯನ್ನು ಹತ್ತಿರದಿಂದ ನೋಡುವುದು ಅವಳಿಗೆ ಅದೇ ಮೊದಲು. ನನ್ನ ಗಿಡ್ಡಿ ಬಾಗಿಲಿಗೆ ಅಡ್ಡ ನಿಂತಿತ್ತು. ನಾನು ಹಗ್ಗ ಹಿಡಿಯುವಷ್ಟರಲ್ಲಿ ಅವ್ವ ಹೋಳಿಗೆಯ ಡಬ್ಬಿಯನ್ನು ಕಂಕುಳಿಗೆ ಸೇರಿಸಿ, ಮಾತಿಲ್ಲದೆ ಅದರ ಹೆಗಲಿಗೆ ಎರಡು ತಟ್ಟಿದಳು. ಕುದುರೆ ಸರಿದು ದಾರಿ ಬಿಟ್ಟಿತು. ಅವ್ವ ಒಳಗೆ ಹೋಗುತ್ತ ನನ್ನ ಕಡೆ ನೋಡಿದಳು.

"ನಿನಗಿಂತ ಲಗೂನ ಸರದ್ಲು ನೋಡ" ಎಂದಳು.