ಆಕಳು ತಿಂದ ಕಡಕ್ ರೊಟ್ಟಿ

ದಾನೇಶ್ವರಿ ನಮ್ಮ ಸೇಡಂ ಕಡೆಯವಳು. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತವರಿಗೆಲ್ಲ ನೌಕರಿ ಕಾದಿದೆ ಎಂದು ಊರೂರಲ್ಲಿ ಡಂಗುರ ಹೊಡೆದಂತಿದ್ದ ಕಾಲ. ಬಿ.ಎಸ್ಸಿ. ಮುಗಿದದ್ದೇ ಅಪ್ಪ ಅವಳನ್ನು ನಾರಾಯಣಗೂಡದ ಹಾಸ್ಟೆಲೊಂದರಲ್ಲಿ ಬಿಟ್ಟು ಬಂದ.

ಒಂದು ಕೋಣೆ, ನಾಲ್ಕು ಮಂಚ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಸಂಸಾರ. ಇಬ್ಬರು ತೆಲುಗಿನ ಹುಡುಗಿಯರು ತಮ್ಮಷ್ಟಕ್ಕೆ ತಾವು. ಇನ್ನೊಬ್ಬಳು ಉಡುಪಿ ಕಡೆಯ ತನ್ವಿ. ಕನ್ನಡದವಳು ಸಿಕ್ಕಳೆಂದು ದಾನೇಶ್ವರಿ ಬಾಯಿ ತೆರೆದರೆ ಅವಳು ನಕ್ಕುಬಿಟ್ಟಳು.

"ನೀನು ಮಾತಾಡುದಾ, ಜಗಳ ಮಾಡುದಾ ಮಾರಾಯ್ತಿ?"

ಅವಳಿಗೆ ತಮಾಷೆ. ಇವಳು ಬಾಯಿಗೆ ಬೀಗ ಹಾಕಿಕೊಂಡಳು.

ದಿನವಿಡೀ ತಲೆಗೆ ಹತ್ತದ ಪಾಠ. ಸಂಜೆಗೆ ಗಾಣ ಸುತ್ತಿದ ಎತ್ತಿನಂತಾಗಿ ಬರುವಳು. ಮೆಸ್ಸಿನ ಅನ್ನ ಎಷ್ಟು ಉಂಡರೂ ಹೊಟ್ಟೆ ತುಂಬದು. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟೊಂದೇ ಆಸರೆ. ಗರಿಗರಿ ಒಣಗಿಸಿದ ಜೋಳದ ರೊಟ್ಟಿ, ತಿಂಗಳಿಟ್ಟರೂ ಕೆಡದು. ಕಟುಂ ಸಪ್ಪಳಕ್ಕೆ ಎಲ್ಲಿ ನಗುತ್ತಾರೋ ಎಂದು ಯಾರೂ ಇಲ್ಲದಾಗ ತಿನ್ನುತ್ತಿದ್ದಳು.

ಒಂದು ಶನಿವಾರ ಬಂದು ನೋಡಿದರೆ ಗಂಟಿಲ್ಲ.

"ಅದಾ? ಒಣಗಿ ಕಲ್ಲಾಗಿತ್ತು. ಇರುವೆ ಬಂದೀತು ಅಂತ ಕೆಳಗೆ ದನಕ್ಕೆ ಹಾಕಿದೆ" ಎಂದಳು ತನ್ವಿ, ಉಪಕಾರ ಮಾಡಿದವಳಂತೆ.

"ಅದು ಕಲ್ಲಾಗೇ ಇರಬೇಕ್ರಿ."

ಸಿಟ್ಟು ಮಾಡುವಷ್ಟು ಕಸುವೂ ಉಳಿದಿರಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.

"ರೊಟ್ಟಿಗೋಸ್ಕರ ಊರಿಗೆ ಹೋಗುದಾ?"

"ರೊಟ್ಟಿಗಲ್ರಿ. ಸಾಕಾಗೇತಿ. ನಾಳೆ ಸಂಜಿಗೆ ನಾಂಪಲ್ಲಿ ಸ್ಟೇಷನ್ನೊಳಗ ಗಾಡಿ ಹತ್ತತೀನಿ. ಕೋರ್ಸು ಸಾಕು."

ಮರುದಿನ ಬೆಳಿಗ್ಗೆ ಹಾಸ್ಟೆಲಿನ ಹಿಂದೆ ಕಟ್ಟುತ್ತಿದ್ದ ಕಟ್ಟಡದ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ತನ್ವಿ ಇಳಿದು ಹೋದಳು. ಅಲ್ಲಿ ಕಲ್ಲು ಹೊರುವ ಯಾದಗಿರಿ ಕಡೆಯ ಬಂಡೆಮ್ಮ ಒಲೆ ಮುಂದೆ ಕೂತಿದ್ದಳು. ತನ್ವಿ ನಡೆದದ್ದನ್ನೆಲ್ಲ ಹೇಳಿದಳು.

"ಹಡೆದವ್ವ ಸುಟ್ಟ ರೊಟ್ಟಿ ಆಕಳಿಗೆ ಹಾಕಿದೇನವ್ವ? ಆ ಆಕಳು ಪುಣ್ಯಾ ಮಾಡಿತ್ತು ಬಿಡು" ಎಂದಳು ಬಂಡೆಮ್ಮ. "ಕೂಡು. ನೀನೇ ಬಡಿ. ಕೈ ನೋಯಲಿ, ಆಗ ತಿಳಿತೈತಿ."

ತನ್ವಿ ಬಡಿದದ್ದು ಹರಿದ ಚಪ್ಪಲಿಯಂತಾಯಿತು. ಅದನ್ನೂ ಬಂಡೆಮ್ಮ ಕೊಟ್ಟ ರೊಟ್ಟಿಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಮಂಚದ ಮೇಲಿಟ್ಟಳು. ಬೆರಳು ಕೆಂಪಾಗಿದ್ದವು.

ದಾನೇಶ್ವರಿ ಹರಿದದ್ದನ್ನೇ ಎತ್ತಿ ಮುರಿದು ಅರ್ಧ ತಿಂದಳು.

"ಇವು ಹಸಿ ಅದಾವ. ಎರಡು ದಿನ ಆರಬೇಕು."

"ಹಾಗಾದ್ರೆ ಎರಡು ದಿನ ಇರು."

ದಾನೇಶ್ವರಿ ಗಂಟು ಎತ್ತಿಕೊಂಡು ಎದ್ದಳು. ಇಬ್ಬರೂ ಉಳಿದ ರೊಟ್ಟಿಗಳನ್ನು ಮಾಳಿಗೆಯ ಮೇಲೆ ಹರವಿದರು. "ಕಾಕುಲು ವಸ್ತಾಯಿ" ಎನ್ನುತ್ತ ತೆಲುಗಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕಾಗೆ ಕಾಯಲು ಕೂತಳು.

ಸಂಜೆಯ ಗಾಡಿ ಹೋಯಿತು. ದಾನೇಶ್ವರಿ ಚೀಲ ಖಾಲಿ ಮಾಡಲಿಲ್ಲ. ಮುಖ ತೊಳೆಯಲೆಂದು ಅದರೊಳಗಿಂದ ಟವೆಲ್ಲೊಂದನ್ನು ಎಳೆದುಕೊಂಡಳು. "ಇನ್ನರ್ಧ ನೀನು ತಿನ್ನು" ಎಂದು ಹರಿದ ರೊಟ್ಟಿಯ ತುಂಡನ್ನು ತನ್ವಿಯ ಕಡೆ ಚಾಚಿದಳು.